ಉರಿಯೂತದ ವಂಶವಾಹಿ-ನಿಯಂತ್ರಣ: ಒಂದು ಚರಿತ್ರಲೇಖನದ ವಿಮರ್ಶೆ

ಜೀವವಿಜ್ಞಾನದ ಪಠ್ಯಗ್ರಂಥಗಳಲ್ಲಿ ಅಧ್ಯಾಯದ ಮೊದಲಿಗೆ ನಾಲ್ಕಾರು ಸಾಲುಗಳ ಚರಿತ್ರೆಯನ್ನು ಲಗತ್ತಿಸುವ ಪದ್ಧತಿ ಬೆಳೆದುಬಂದಿದೆ. ಪರೀಕ್ಷೆಗೆ ಬೇಡವೆಂದು ವಿದ್ಯಾರ್ಥಿಗಳು ಅದನ್ನು ಬಿಡುತ್ತಾರೆ. ತಮ್ಮ ವಿಷಯವಲ್ಲವೆಂದು ಅಧ್ಯಾಪಕರು ಪರಿಶೀಲಿಸದೆ ಮುಂದೆ ಸಾಗುತ್ತಾರೆ. ಪ್ರಯೋಗಶಾಲೆಯ ವಿಚಾರದಲ್ಲಿ ಚರಿತ್ರೆಯ ಅಧ್ಯಾಪಕನು ಬಾಯಿಹಾಕುವುದು ಉಚಿತವೇ ಎಂಬ ಆಕ್ಷೇಪಣೆ ಬರಬಹುದು. ಪ್ರಯೋಗದ ಫಲಿತಾಂಶಗಳನ್ನು ಪ್ರಶ್ನಿಸುವ ಅಧಿಕಾರ ನಮಗಿಲ್ಲ. ಆದರೆ ಯಾವುದು ಮೊದಲು, ಯಾವುದು ಅನಂತರ, ಏನನ್ನು ಹೇಳಿ ಏನನ್ನು ಬಿಟ್ಟರು ಎಂದು ನೋಡುವುದು ನಮ್ಮ ಕಸಬೇ ಆಗಿದೆ. ಉರಿಯೂತದ ಸಂಕೇತಗಳನ್ನು ಜೀವಕೋಶವು ಹೇಗೆ ಹದ್ದಿನಲ್ಲಿಡುತ್ತದೆ ಎಂಬ ಪ್ರಕರಣವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಹಳೆಯ ಕಾಲದ ಮಾತು. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಗ್ರಂಥಕಾರ ಸೆಲ್ಸಸ್ ಕೆಂಪು, ಬಾವು, ಕಾವು, ನೋವು ಎಂಬ ನಾಲ್ಕು ಲಕ್ಷಣಗಳನ್ನು ಹೇಳಿದನು. ಅಂಗದ ಕೆಲಸ ಕೆಡುವುದೆಂಬ ಐದನೆಯದನ್ನು ಗ್ಯಾಲೆನ್ ಸೇರಿಸಿದನು ಎಂಬುದು ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂದಿದೆ. ಇದರಲ್ಲಿ ಗ್ಯಾಲೆನ್ನನ ಭಾಗವು ಬರಿಯ ದಂತಕಥೆಯೆಂದು ಎಲ್. ಜೆ. ರೇದರ್ ಅವರು 1971ರಲ್ಲಿಯೇ ತೋರಿಸಿದರು. ಆದರೂ ನಕಲು ನಿಂತಿಲ್ಲ. ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬಹುದು: ನಮ್ಮ ‘ಉರಿಯೂತ’ವು ಉರಿಯನ್ನೂ ಊತವನ್ನೂ ಒಂದೇ ಪದದಲ್ಲಿ ಹಿಡಿದಿಟ್ಟಿದೆ, ಯುರೋಪಿನ ಭಾಷೆಗಳು ಲ್ಯಾಟಿನ್ನಿನಿಂದ ಪಡೆದ ಪದದಲ್ಲಿ ಇರುವುದು ಬೆಂಕಿಯೊಂದೇ. ಬೆಂಕಿ ಎಂದೊಡನೆ ಹೊತ್ತಿಸಿದವರು ಯಾರು ಎಂದು ಹುಡುಕುವುದು ಮನುಷ್ಯಸ್ವಭಾವ. ಆಧುನಿಕ ಕಥನವೂ ಆ ಹುಡುಕಾಟದಲ್ಲಿಯೇ ಸಿಕ್ಕಿಕೊಂಡಿದೆಯೆಂದು ನಮಗೆ ತೋರುತ್ತದೆ.

ಆ ಕಥನ ಹೀಗಿದೆ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಎಂಬ ವಿಜ್ಞಾನಿಗಳು ಪ್ರತಿಕಾಯದ ಕಪ್ಪ ಸರಪಳಿಯ ವಂಶವಾಹಿಯನ್ನು ಪ್ರಚೋದಿಸುವ ಡಿ.ಎನ್.ಎ. ಭಾಗಕ್ಕೆ ಅಂಟಿಕೊಳ್ಳುವ ಒಂದು ಪ್ರೋಟೀನನ್ನು ಬಿ ಜೀವಕೋಶಗಳ ಕೋಶಕೇಂದ್ರದಲ್ಲಿ ಕಂಡು, ಅದಕ್ಕೆ ಎನ್.ಎಫ್.-ಕಪ್ಪ-ಬಿ ಎಂದು ಹೆಸರಿಟ್ಟರು. 1988ರಲ್ಲಿ ಬಾಯರ್ಲೆ ಮತ್ತು ಬಾಲ್ಟಿಮೋರ್, ಇತರ ಕೋಶಗಳಲ್ಲಿ ಇದು ಕೋಶದ್ರವದಲ್ಲಿ ಐ-ಕಪ್ಪ-ಬಿ ಎಂಬ ತಡೆಪ್ರೋಟೀನಿನ ಹಿಡಿತದಲ್ಲಿರುತ್ತದೆಂದು ತೋರಿಸಿದರು. ಸೋಂಕಿನ ಸೂಚನೆ ಬಂದಾಗ ತಡೆಪ್ರೋಟೀನು ನಾಶವಾಗುತ್ತದೆ, ಬಂಧಮುಕ್ತವಾದ ಎನ್.ಎಫ್.-ಕಪ್ಪ-ಬಿ ಕೋಶಕೇಂದ್ರವನ್ನು ಹೊಕ್ಕು ಉರಿಯೂತದ ವಂಶವಾಹಿಗಳನ್ನು ಎಬ್ಬಿಸುತ್ತದೆ. ಹೆಸರಿನಲ್ಲಿ ಕೋಶಕೇಂದ್ರವಿದೆ, ಆದರೆ ಬಹುಪಾಲು ಕೋಶಗಳಲ್ಲಿ ಅದರ ವಾಸ ಹೊರಗೆ. ಹೆಸರಿನಲ್ಲಿ ಕಪ್ಪ ಸರಪಳಿಯಿದೆ, ಆದರೆ ಅದರ ಕೆಲಸ ಅಷ್ಟಕ್ಕೇ ಸೀಮಿತವಲ್ಲ. ಶಾಸನದಲ್ಲಿನ ಬಿರುದುಗಳನ್ನು ನಂಬಿ ಅರಸನ ರಾಜ್ಯದ ಎಲ್ಲೆಯನ್ನು ಗುರುತಿಸಬಾರದೆಂದು ನಾವು ವಿದ್ಯಾರ್ಥಿಗಳಿಗೆ ಹೇಳುವುದು ಇಲ್ಲಿಗೂ ಸಲ್ಲುತ್ತದೆ.

ಇದರಲ್ಲಿ ಸುಳ್ಳೇನೂ ಇಲ್ಲ. ದೋಷವಿರುವುದು ಬಿಟ್ಟುಹೋದುದರಲ್ಲಿ. ಸೇನ್ ಮತ್ತು ಬಾಲ್ಟಿಮೋರ್ ಅವರ ಮೊದಲ ಲೇಖನವು ‘ಸೆಲ್’ ಪತ್ರಿಕೆಯ 1986ರ ಆಗಸ್ಟ್ 29ರ ಸಂಚಿಕೆಯಲ್ಲಿ 705ನೆಯ ಪುಟದಿಂದ ಆರಂಭವಾಗುತ್ತದೆ. ಅದೇ ಸಂಚಿಕೆಯ 659ನೆಯ ಪುಟದಲ್ಲಿ ಶಾ ಮತ್ತು ಕೇಮನ್ ಅವರ ಲೇಖನವಿದೆ. ಬಿಳಿಯ ರಕ್ತಕಣಗಳನ್ನು ಬೆಳೆಸುವ ಒಂದು ಪ್ರೋಟೀನಿನ ಸಂದೇಶವಾಹಕ ಆರ್.ಎನ್.ಎ.ಯ ತುದಿಯಲ್ಲಿದ್ದ, ಅಡೆನಿನ್ ಮತ್ತು ಯುರಾಸಿಲ್ ಹೇರಳವಾಗಿರುವ ತುಣುಕನ್ನು ಅವರು ಮೊಲದ ಗ್ಲೋಬಿನ್ ವಂಶವಾಹಿಗೆ ಜೋಡಿಸಿದರು. ಬಹುಕಾಲ ಬಾಳುವ ಗ್ಲೋಬಿನ್ ಸಂದೇಶವು ಆಗ ಬೇಗನೆ ನಾಶವಾಗತೊಡಗಿತು. ಎಂದರೆ, ಅಪಾಯಕಾರಿಯಾದ ಆಜ್ಞೆಯ ಕೊನೆಯಲ್ಲಿಯೇ ‘ಓದಿದೊಡನೆ ಹರಿದುಹಾಕು’ ಎಂಬ ಒಕ್ಕಣೆಯನ್ನು ಜೀವಕೋಶವು ಬರೆದಿಟ್ಟಿರುತ್ತದೆ. ಎರಡು ಲೇಖನಗಳ ನಡುವೆ ಐವತ್ತು ಪುಟಗಳ ಅಂತರವೂ ಇಲ್ಲ. ಹೊತ್ತಿಸುವ ಕಥೆಗೆ ಮೂಲವಾದುದು ಅಧ್ಯಾಯದ ತಲೆಬರಹವಾಯಿತು. ಆರಿಸುವ ಕಥೆಗೆ ಮೂಲವಾದುದು ಬೇರೊಂದು ಅಧ್ಯಾಯದ ಅಡಿಟಿಪ್ಪಣಿಗೆ ಇಳಿಯಿತು.

ಈ ಅಡಿಟಿಪ್ಪಣಿ ಎಷ್ಟು ಭಾರವಾದುದೆಂಬುದನ್ನು ಮುಂದಿನ ಪ್ರಯೋಗಗಳು ಸಾರಿದುವು. ಆ ತುಣುಕನ್ನು ಗುರುತಿಸಿ ಸಂದೇಶವನ್ನು ನಾಶಕ್ಕೆ ಒಪ್ಪಿಸುವ ಪ್ರೋಟೀನುಗಳಲ್ಲಿ ಟ್ರಿಸ್ಟೆಟ್ರಾಪ್ರೋಲಿನ್ ಒಂದು. ಅದಿಲ್ಲದ ಇಲಿಗಳನ್ನು 1996ರಲ್ಲಿ ವರ್ಣಿಸಲಾಯಿತು: ಹುಟ್ಟಿದಾಗ ಅವು ಸಹಜವಾಗಿಯೇ ಕಂಡುವು, ಬಳಿಕ ಸೊರಗಿ, ಕೀಲುವಾತಕ್ಕೆ ತುತ್ತಾದುವು. ಉರಿಯೂತದ ಮುಖ್ಯ ಪ್ರೋಟೀನಾದ ಟಿ.ಎನ್.ಎಫ್.ಗೆ ವಿರುದ್ಧವಾದ ಪ್ರತಿಕಾಯವನ್ನು ಕೊಟ್ಟಾಗ ಆ ಬೇನೆಯನ್ನು ಬಹುಮಟ್ಟಿಗೆ ತಡೆಯಲು ಸಾಧ್ಯವಾಯಿತು. 1999ರಲ್ಲಿ ಟಿ.ಎನ್.ಎಫ್. ವಂಶವಾಹಿಯಿಂದ ಆ ತುಣುಕನ್ನಷ್ಟೇ ತೆಗೆದು ನೋಡಿದಾಗ ಕೀಲುವಾತದೊಡನೆ ಕರುಳಿನ ಉರಿಯೂತವೂ ಕಾಣಿಸಿಕೊಂಡಿತು. ಇಲ್ಲಿ ಹೊರಗಿನ ಶತ್ರುವೂ ಇಲ್ಲ, ಕಿಡಿ ಹಾಕಿದವರೂ ಇಲ್ಲ. ಆರಿಸುವ ಏರ್ಪಾಡು ಕೆಟ್ಟುದೇ ರೋಗ.

ಎನ್.ಎಫ್.-ಕಪ್ಪ-ಬಿಯ ಕಥೆಯನ್ನೇ ಎಚ್ಚರದಿಂದ ಓದಿದರೂ ಇದೇ ತೀರ್ಮಾನಕ್ಕೆ ಬರಬೇಕಾಗುತ್ತದೆ. ಅದು ಎಬ್ಬಿಸುವ ವಂಶವಾಹಿಗಳಲ್ಲಿ ಅದರ ತಡೆಪ್ರೋಟೀನಿನ ವಂಶವಾಹಿಯೂ ಒಂದೆಂದು 1993ರಲ್ಲಿ ತಿಳಿದುಬಂದಿತು. ಹೊಸದಾಗಿ ತಯಾರಾದ ತಡೆಪ್ರೋಟೀನು ಕೋಶಕೇಂದ್ರವನ್ನು ಹೊಕ್ಕು ಅದನ್ನು ಡಿ.ಎನ್.ಎ.ಯಿಂದ ಬಿಡಿಸಿ ಹೊರಕ್ಕೆ ಎಳೆತರುತ್ತದೆ. ಈ ಹಿಡಿತ-ಬಿಡುಗಡೆಗಳಿಂದ ಅದರ ಚಟುವಟಿಕೆಯಲ್ಲಿ ಅಲೆಯಂತಹ ಏರಿಳಿತ ಉಂಟಾಗಬಲ್ಲುದೆಂದು 2002ರಲ್ಲಿ ಹಾಫ್‌ಮನ್ ಮತ್ತು ಸಂಗಡಿಗರು ತೋರಿಸಿದರು. ಎ-20 ಎಂಬ ಇನ್ನೊಂದು ತಡೆಯೂ ಇದೇ ಬಗೆಯದು. ಅದನ್ನು ಕಳೆದುಕೊಂಡ ಇಲಿಗಳು ಬಹುಅಂಗಗಳ ಉರಿಯೂತದಿಂದ ಅಲ್ಪಾಯುಗಳಾದುವೆಂದು 2000ದಲ್ಲಿಯೂ, ಅದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟ ಮನುಷ್ಯರಿಗೆ ಎಳೆವಯಸ್ಸಿನಲ್ಲಿಯೇ ಉರಿಯೂತದ ರೋಗ ಬರುತ್ತದೆಂದು 2016ರಲ್ಲಿಯೂ ಪ್ರಕಟವಾಯಿತು. ಹೀಗಿರುವಾಗ ಎನ್.ಎಫ್.-ಕಪ್ಪ-ಬಿಯನ್ನು ಬರಿಯ ಗುಂಡಿಯೆಂದು, ಒಡೆಯನೆಂದು ಬಣ್ಣಿಸುವುದು ಅರ್ಧ ದಾಖಲೆಯನ್ನು ಓದಿ ಬರೆದ ಚರಿತ್ರೆ.

ಪ್ರತಿಪಕ್ಷಕ್ಕೂ ನ್ಯಾಯ ಸಲ್ಲಬೇಕು. ಹೊತ್ತುವುದನ್ನು ನಿಮಿಷಗಳಲ್ಲಿ ಅಳೆಯಬಹುದು, ಆರುವುದಕ್ಕೆ ಕಾಯಬೇಕು. ಮೊದಲನೆಯದು ಮೊದಲು ತಿಳಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ತಿಳಿದ ಕ್ರಮವೇ ಮಹತ್ವದ ಕ್ರಮವೆಂದು ಪಾಠ ಹೇಳಿದರೆ, ಉರಿಯೂತವನ್ನು ಎಷ್ಟು ಬೇಗ ಅಡಗಿಸಿದರೆ ಅಷ್ಟು ಒಳ್ಳೆಯದೆಂದು ವಿದ್ಯಾರ್ಥಿ ಭಾವಿಸುವ ಅಪಾಯವಿದೆ.

ವೈದ್ಯರ ಅನುಭವ ಹಾಗಿಲ್ಲ. 1948ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದಲ್ಲಿ ಹೆಂಚ್ ಎಂಬ ವೈದ್ಯರು ಕೀಲುವಾತದ ರೋಗಿಗೆ ಕಾರ್ಟಿಸೋನನ್ನು ಕೊಟ್ಟರು. 1950ರಲ್ಲಿ ಕೆಂಡಾಲ್ ಮತ್ತು ರೈಕ್‌ಸ್ಟೈನ್ ಅವರೊಡನೆ ನೊಬೆಲ್ ಪಾರಿತೋಷಕವನ್ನೂ ಪಡೆದರು. ಈ ಜಾತಿಯ ಔಷಧಗಳು ಐ-ಕಪ್ಪ-ಬಿಯ ತಯಾರಿಕೆಯನ್ನು ಹೆಚ್ಚಿಸುತ್ತವೆಂಬ ವಿವರಣೆ ಬಂದುದು 1995ರಲ್ಲಿ. ಅದು ಕಾರಣಗಳಲ್ಲಿ ಒಂದು ಮಾತ್ರವೆಂದು ಅನಂತರ ತಿಳಿಯಿತು. 2020ರಲ್ಲಿ ಬ್ರಿಟನ್ನಿನಲ್ಲಿ ಕೋವಿಡ್ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಅದೇ ವರ್ಗದ ಡೆಕ್ಸಾಮೆಥಾಸೋನನ್ನು ದಿನಕ್ಕೆ 6 ಮಿಲಿಗ್ರಾಂನಂತೆ ಹತ್ತು ದಿನಗಳವರೆಗೆ ಕೊಡಲಾಯಿತು. ಕೃತಕ ಉಸಿರಾಟದ ಯಂತ್ರಕ್ಕೆ ಒಳಗಾದವರಲ್ಲಿ ಸಾವು ಸುಮಾರು ಮೂರರಲ್ಲೊಂದು ಪಾಲು ತಗ್ಗಿತು. ಆಮ್ಲಜನಕದ ನೆರವೇ ಬೇಡವಾಗಿದ್ದವರಲ್ಲಿ ಯಾವ ಪ್ರಯೋಜನವೂ ಕಂಡುಬರಲಿಲ್ಲ.