ತೂತಿನ ದುಡ್ಡಿನಿಂದ ಪಾವಲಿಯವರೆಗೆ: ಹಾಲಿ ಚಿಲ್ಲರೆಯ ರಸಿಕರಿಗೊಂದು ಕೈಪಿಡಿ

ನಾಣ್ಯ ಸಂಗ್ರಹಕ್ಕೆ ಹೊಸದಾಗಿ ಇಳಿಯುವವರು ಮೊದಲು ಕೈ ಚಾಚುವುದು ಬೆಳ್ಳಿ ರೂಪಾಯಿಗೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಗೆಳೆಯರಿಗೆ ನಾನು ಹೇಳುವುದು ಇಷ್ಟೇ: ಚಿಲ್ಲರೆಯಿಂದ ಶುರು ಮಾಡಿ. ರೂಪಾಯಿ ಹೆಚ್ಚಾಗಿ ಸಾಹುಕಾರರ ತಿಜೋರಿಯಲ್ಲಿ ಕೂತಿರುತ್ತಿತ್ತು. ಸಂತೆಯಲ್ಲಿ ಉಪ್ಪು, ಮೆಣಸಿನಕಾಯಿ, ಎಲೆ-ಅಡಿಕೆ ಕೊಂಡದ್ದು ಪೈ, ದುಡ್ಡು, ಆಣೆ, ಪಾವಲಿ. ಈ ಭಾಗದ ಬಡವರ ಬದುಕಿನ ಗುರುತು ಉಳಿದಿರುವುದು ಆ ಸವೆದ ಬಿಲ್ಲೆಗಳ ಮೇಲೆ. ಅವನ್ನು ಓದಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಓರೆಯಾಗಿ ಬೀಳುವ ಬೆಳಕು, ಒಂದಿಷ್ಟು ತಾಳ್ಮೆ ಇದ್ದರೆ ಸಾಕು.

ಹೊಳೆಯ ಆಚೆ ಕಲ್ದಾರ, ಈಚೆ ಹಾಲಿ

1948ರ ಸೆಪ್ಟೆಂಬರ್‌ವರೆಗೆ ಈ ಮೂರೂ ಊರು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1905ರವರೆಗೆ ಲಿಂಗಸುಗೂರೇ ಒಂದು ಜಿಲ್ಲೆಯಾಗಿತ್ತು, ಆಮೇಲೆ ರಾಯಚೂರಿನಲ್ಲಿ ಬೆರೆಯಿತು. ಇಲ್ಲಿ ನಡೆಯುತ್ತಿದ್ದದ್ದು ನಿಜಾಮರ ಸ್ವಂತ ಹಣವಾದ ಹಾಲಿ ಸಿಕ್ಕಾ. ಸಿಂಧನೂರಿನಿಂದ ತುಂಗಭದ್ರೆ ದಾಟಿ ಸಿರುಗುಪ್ಪಕ್ಕೆ ಹೋದರೆ ಮದ್ರಾಸ್ ಪ್ರಾಂತ್ಯ, ಅಲ್ಲಿ ಬ್ರಿಟಿಷರ ರೂಪಾಯಿ, ಜನರ ಬಾಯಲ್ಲಿ ಕಲ್ದಾರ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ ರೂಪಾಯಿ ಎಂಬ ಲೆಕ್ಕ. ಎರಡು ಹಣದ ಗಡಿ ಹೊಳೆಯಲ್ಲೇ ಹಾದಿದ್ದರಿಂದ ಇಲ್ಲಿನ ಹಳೆಯ ಮನೆಗಳ ಟ್ರಂಕಿನಲ್ಲಿ ಎರಡೂ ಬೆರೆತು ಸಿಗಬಹುದು. ತುಂಗಭದ್ರೆಯ ಕಾಲುವೆ ಬಂದ ಮೇಲೆ ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿ ಕಲ್ದಾರ ಚಿಲ್ಲರೆಯೇ ಹೆಚ್ಚಿದ್ದರೆ ಆಶ್ಚರ್ಯಪಡಬೇಕಿಲ್ಲ.

ಲೆಕ್ಕ ಹೀಗೆ: 12 ಪೈಗೆ ಒಂದಾಣೆ, 16 ಆಣೆಗೆ ಒಂದು ರೂಪಾಯಿ. ನಾಲ್ಕಾಣೆಯೇ ಪಾವಲಿ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು. ಹಾಲಿ ಹಣ ಅದರ ಜೊತೆಗೇ ಇನ್ನೂ ಸ್ವಲ್ಪ ಕಾಲ ನಡೆದು 1959ರಲ್ಲಿ ಮುಗಿಯಿತು.

ಮೊದಲು ಆಕಾರ, ಆಮೇಲೆ ಅಕ್ಷರ

ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಮುಖ ಮುಟ್ಟಬೇಡಿ. ದಪ್ಪಗೆ, ಸೊಟ್ಟಗೆ, ಅರ್ಧ ಅಕ್ಷರ ಅಂಚಿನಾಚೆ ಹೋದಂತಿದ್ದರೆ ಅದು ಸುತ್ತಿಗೆಯಿಂದ ಬಡಿದು ಮಾಡಿದ ಹಳೆಯ ತಾಮ್ರದ ದುಡ್ಡು. 19ನೇ ಶತಮಾನದಲ್ಲಿ ನಾರಾಯಣಪೇಟ, ಗದ್ವಾಲಗಳಲ್ಲೂ ಟಂಕಸಾಲೆಗಳಿದ್ದವು. ದುಂಡಗೆ, ಅಂಚು ನೇರವಾಗಿದ್ದರೆ ಯಂತ್ರದ ಕೆಲಸ. ಹೈದರಾಬಾದಿನ ಸೈಫಾಬಾದ್ ಟಂಕಸಾಲೆ ಶುರುವಾದದ್ದು 1903ರಲ್ಲಿ. ಚಾರ್‌ಮಿನಾರ್ ಚಿತ್ರದ ನಾಣ್ಯಗಳು ಬಂದದ್ದೂ ಸುಮಾರು ಆ ಕಾಲದಲ್ಲೇ. ಪೈ ಮತ್ತು ಆಣೆಯ ಕಂಚಿನ ಬಿಲ್ಲೆಗಳ ಮೇಲೆ ಕಟ್ಟಡವಿರುವುದಿಲ್ಲ. ಅಲ್ಲಿ ತುಘ್ರಾ ಇರುತ್ತದೆ, ಅಂದರೆ ನಿಜಾಮರ ಬಿರುದನ್ನು ಹೆಣೆದು ಬರೆದ ಅಲಂಕಾರದ ಲಿಪಿ. ಅರ್ಥ ತಿಳಿಯದಿದ್ದರೂ ಪರವಾಗಿಲ್ಲ, ನೆಟ್ಟಗೆ ಮೇಲೇರುವ ಗೆರೆಗಳನ್ನೂ ಕೆಳಗೆ ಸುತ್ತುವ ಬಳ್ಳಿಗಳನ್ನೂ ಕಣ್ಣಿನಲ್ಲೇ ಹಿಂಬಾಲಿಸಿ. ಅಷ್ಟು ಸಣ್ಣ ಬಿಲ್ಲೆಯಲ್ಲಿ ಅಷ್ಟು ಬರಹವನ್ನು ಇಕ್ಕಟ್ಟಾಗದಂತೆ ಕೂರಿಸಿದ ಕೆತ್ತನೆಗಾರನ ಕೈಚಳಕ ಅಲ್ಲಿ ಕಾಣುತ್ತದೆ.

ಬಾಗಿಲಲ್ಲಿರುವ ಒಂದಕ್ಷರ

ಈಗ ಬೆಳ್ಳಿಯ ಎರಡಾಣೆ ತೆಗೆದುಕೊಳ್ಳಿ. ತೂಕ ಒಂದೂವರೆ ಗ್ರಾಮಿಗೂ ಕಡಿಮೆ. ಮಸೂರದಲ್ಲಿ ಚಾರ್‌ಮಿನಾರಿನ ನಡುವಿನ ಕಮಾನು ನೋಡಿ, ಬಾಗಿಲಲ್ಲಿ ಒಂದು ಅಕ್ಷರವಿದೆ. ದುಂಡು ತಲೆ, ಕೆಳಗೆ ಬಾಲವಿದ್ದರೆ ಅದು ‘ಮೀಮ್’, ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಗುರುತು. ಬಾಯಿ ತೆರೆದ ತಲೆಯಿದ್ದರೆ ‘ಐನ್’, 1911ರಲ್ಲಿ ಪಟ್ಟಕ್ಕೆ ಬಂದ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರದು. ಆಳ್ವಿಕೆ ಬದಲಾದದ್ದನ್ನು ಹೇಳಲು ಅಷ್ಟೇ ಸಾಕಾಯಿತು, ಕಟ್ಟಡ ಹಾಗೇ ಉಳಿಯಿತು.

ಇಂಥ ಸಣ್ಣ ಅಕ್ಷರದ ಬೆಲೆ ಜಗತ್ತಿನ ಸಂಗ್ರಾಹಕರಿಗೆಲ್ಲ ಗೊತ್ತು. ಅಮೆರಿಕದಲ್ಲಿ 1909ರಲ್ಲಿ ಲಿಂಕನ್ ಮುಖದ ಒಂದು ಸೆಂಟ್ ಬಂದಾಗ ಹಿಂಬದಿಯಲ್ಲಿ ಶಿಲ್ಪಿ ವಿಕ್ಟರ್ ಡೇವಿಡ್ ಬ್ರೆನ್ನರನ ಹೆಸರಿನ ಮೂರು ಅಕ್ಷರಗಳಿದ್ದವು. ತಕರಾರೆದ್ದು ಕೆಲವೇ ದಿನಗಳಲ್ಲಿ ಅವನ್ನು ತೆಗೆದುಹಾಕಿದರು. ಆ ಅಕ್ಷರಗಳೊಂದಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಚ್ಚಾದ 4,84,000 ನಾಣ್ಯಗಳಿಗೆ ಇಂದಿಗೂ ಜನ ಹುಡುಕಾಡುತ್ತಾರೆ.

ಇಸವಿ ಓದುವುದು

ನಾಣ್ಯದ ಮೇಲಿನ ಅರಬ್ಬಿ ಲಿಪಿ ಬಲದಿಂದ ಎಡಕ್ಕೆ ಸಾಗಿದರೂ ಅಂಕಿಗಳನ್ನು ನಮ್ಮಂತೆ ಎಡದಿಂದಲೇ ಓದಬೇಕು. ಒಂದು ಅಂದರೆ ಬರೀ ನೆಟ್ಟ ಗೆರೆ. ಎರಡಕ್ಕೆ ಆ ಗೆರೆಯ ತುದಿಯಲ್ಲಿ ಒಂದು ಕೊಕ್ಕೆ, ಮೂರಕ್ಕೆ ಎರಡು ಹಲ್ಲು. ಕೆಳಗೆ ಕೂಡಿ ಮೇಲೆ ಅಗಲುವ ಎರಡು ಗೆರೆ ಏಳು, ತಿರುಗಿ ನಿಂತರೆ ಎಂಟು. ಸೊನ್ನೆ ಬರೀ ಚುಕ್ಕೆ. ಬರಹದ ನಡುವೆ ‘92’ ಕಂಡರೆ ಅದು ಇಸವಿಯಲ್ಲ, ಅಕ್ಷರಗಳಿಗೆ ಅಂಕಿ ಕೊಡುವ ಅಬ್ಜದ್ ಲೆಕ್ಕದಲ್ಲಿ ಪ್ರವಾದಿ ಮುಹಮ್ಮದರ ಹೆಸರು.

ನಾಣ್ಯದ ಮೇಲಿರುವುದು ಇಸ್ಲಾಮಿ ಪಂಚಾಂಗದ ಹಿಜರಿ ವರ್ಷ. ಅದನ್ನು ನಮ್ಮ ಇಸವಿಗೆ ತರಲು 0.97ರಿಂದ ಗುಣಿಸಿ 622 ಕೂಡಿಸಿ. 1362 ಎಂದಿದ್ದರೆ ಸುಮಾರು 1943. ನಡುವೆ ತೂತಿರುವ ಕಂಚಿನ ಎರಡು ಪೈ ಶುರುವಾದದ್ದು ಆ ವರ್ಷವೇ. ಬ್ರಿಟಿಷ್ ಭಾರತದ ತೂತಿನ ಪೈಸೆ ಬಂದದ್ದೂ ಆಗಲೇ. ಅದೇ ವರ್ಷ ಅಮೆರಿಕ ತನ್ನ ಸೆಂಟನ್ನು ಸತುವು ಲೇಪಿಸಿದ ಉಕ್ಕಿನಲ್ಲಿ ಅಚ್ಚು ಹಾಕಿತು, ಯಾಕೆಂದರೆ ತಾಮ್ರ ಯುದ್ಧಕ್ಕೆ ಬೇಕಿತ್ತು. ಎರಡನೆಯ ಮಹಾಯುದ್ಧ ಸಂತೆಯ ಚಿಲ್ಲರೆಯವರೆಗೂ ಬಂದು ಮುಟ್ಟಿತ್ತು.

1368 ಎಂಬ ಇಸವಿ ಸಿಕ್ಕರೆ ಜೋಪಾನ ಮಾಡಿ. ಆ ಹಿಜರಿ ವರ್ಷ ಶುರುವಾದದ್ದು 1948ರ ನವೆಂಬರ್‌ನಲ್ಲಿ, ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ. ಸಂಸ್ಥಾನ ಶರಣಾದ ನಂತರವೂ ನಿಜಾಮರ ಹೆಸರಲ್ಲೇ ಚಿಲ್ಲರೆ ಹೊರಬಂದದ್ದಕ್ಕೆ ಅದು ಸಾಕ್ಷಿ.

ಸವೆತವನ್ನೂ ಮೆಚ್ಚಿ

ಹೊಳೆಯುವ ನಾಣ್ಯ ಚೆಂದ, ನಿಜ. ಆದರೆ ಚಿಲ್ಲರೆಯ ಸೊಗಸು ಅರ್ಧ ಅದರ ಸವೆತದಲ್ಲಿದೆ. ಉಬ್ಬಿದ ಭಾಗ ಮೊದಲು ನುಣುಪಾಗುತ್ತದೆ, ತಗ್ಗಿನ ಅಕ್ಷರ ಕೊನೆಗೆ ಉಳಿಯುತ್ತದೆ. ಎರಡೂ ಮುಖ ಸಮವಾಗಿ ಸವೆದಿದ್ದರೆ ಆ ಬಿಲ್ಲೆ ಸಾವಿರಾರು ಕೈ ದಾಟಿದೆ. ಅಂಚಿನಲ್ಲಿ ಬೆಸುಗೆಯ ಗುಳ್ಳೆ ಅಥವಾ ಕೊರೆದ ಸಣ್ಣ ರಂಧ್ರವಿದ್ದರೆ ಆಭರಣದಿಂದ ಬಂದದ್ದು. ಲಿಂಗಸುಗೂರು ಸೀಮೆಯ ತಾಂಡಾಗಳ ಲಂಬಾಣಿ ಹೆಂಗಸರ ಉಡುಪಿನಲ್ಲಿ ನಾಣ್ಯಕ್ಕೆ ಎಂದಿನಿಂದಲೂ ಜಾಗವಿದೆ. ವ್ಯಾಪಾರಿ ಅಂಥದಕ್ಕೆ ಬೆಲೆ ಇಳಿಸುತ್ತಾನೆ, ರಸಿಕ ಅದನ್ನು ಬೇರೆ ಇಟ್ಟು ಗೌರವಿಸಬೇಕು.

ಕೈ ಹಾಕಬಾರದ ಕೆಲಸಗಳು

ಹುಣಸೆಹಣ್ಣು, ನಿಂಬೆ, ಬೂದಿ ಹಚ್ಚಿ ತಿಕ್ಕಬೇಡಿ. ತಾಮ್ರದ ಮೇಲಿನ ಕಂದು ಬಣ್ಣ ಕೊಳೆಯಲ್ಲ, ದಶಕಗಳ ಗಾಳಿ ಕಟ್ಟಿದ ಪದರ. ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಮೆತ್ತನೆಯ ಪ್ಲಾಸ್ಟಿಕ್ ಚೀಲಗಳಲ್ಲಿ ಇಟ್ಟರೆ ಹಸಿರು ಜಿಗುಟು ಬರುತ್ತದೆ, ಒಣ ಕಾಗದದ ಲಕೋಟೆ ಮೇಲು.

ಎಲ್ಲಕ್ಕಿಂತ ಮುಖ್ಯ, ನೆಲ ಅಗೆದು ಹುಡುಕಬೇಡಿ. ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಅಶೋಕನ ಹೆಸರು ಹೊತ್ತ ಶಾಸನ ಸಿಕ್ಕಿತು, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡದ್ದು. ಮುದಗಲ್ ಕೋಟೆಯೂ ಇಲ್ಲೇ ಹತ್ತಿರ. ಇಂಥ ನೆಲದಲ್ಲಿ ನಾಣ್ಯ ಎಲ್ಲಿ, ಎಷ್ಟು ಆಳದಲ್ಲಿ, ಯಾವ ಬೋಕಿಯ ಜೊತೆ ಇತ್ತು ಎಂಬುದೇ ಚರಿತ್ರೆ. ಕಿತ್ತು ತಂದರೆ ಅದು ಅಳಿದುಹೋಗುತ್ತದೆ. ಹೊಲ ಉಳುವಾಗ ನಿಧಿ ಸಿಕ್ಕರೆ 1878ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಲ್ಲಿ ಪ್ರಾಚೀನ ವಸ್ತು, ಖಾಸಗಿಯವರು ಅದನ್ನು ದೇಶದಾಚೆ ಒಯ್ಯುವಂತಿಲ್ಲ.

ಶುರು ಹೇಗೆ?

ತೂತಿನ ಎರಡು ಪೈ, ತುಘ್ರಾದ ಎರಡು ಪೈ, ಒಂದಾಣೆ, ಬೆಳ್ಳಿಯ ಎರಡಾಣೆ, ಒಂದು ಪಾವಲಿ, ಇವುಗಳ ಪಕ್ಕದಲ್ಲಿ ಒಂದು ಕಲ್ದಾರ ಪೈಸೆ. ಇಷ್ಟು ಜೊತೆಯಾದರೆ ಈ ಸೀಮೆಯ ಅರ್ಧ ಶತಮಾನದ ವ್ಯಾಪಾರ ನಿಮ್ಮ ಮೇಜಿನ ಮೇಲಿರುತ್ತದೆ. ಪ್ರತಿ ಲಕೋಟೆಯ ಮೇಲೆ ಇಸವಿ, ಲೋಹ, ಸಿಕ್ಕ ಊರು, ಕೊಟ್ಟವರು ಹೇಳಿದ ಮಾತು ಬರೆದಿಡಿ. ಇಸವಿ, ಲೋಹ ಯಾವ ಕ್ಯಾಟಲಾಗಿನಲ್ಲಾದರೂ ಸಿಗುತ್ತವೆ, ಊರು ಮತ್ತು ಮಾತು ಸಿಗುವುದಿಲ್ಲ. ಆಣೆ-ಪೈ ಲೆಕ್ಕದಲ್ಲಿ ಸಂತೆ ಮಾಡಿದ ಹಿರಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ನಾಣ್ಯ ಕೊಳ್ಳುವ ಮೊದಲು ಅವರ ಬಳಿ ಹೋಗಿ ಕೂತು ಕೇಳಿ.