ಸಂಬಂಧ ಮತ್ತು ಹೆಸರು: ಚಿಟ್ಟೆ-ಪತಂಗಗಳ ವರ್ಗೀಕರಣದ ಒಂದು ವಿಮರ್ಶೆ

ಚಿಟ್ಟೆ ಮತ್ತು ಪತಂಗಗಳ ವರ್ಗೀಕರಣದ ಚರಿತ್ರೆಯನ್ನು ತಪ್ಪುಗಳ ತಿದ್ದುಪಡಿಯ ಚರಿತ್ರೆಯೆಂದು ಓದುವ ರೂಢಿಯಿದೆ. ಈ ಓದು ಅಪೂರ್ಣವಾದುದು. ಜೀವಿಗಳ ನಡುವಣ ಸಂಬಂಧದ ತಿಳಿವಳಿಕೆ ಬದಲಾಗುವುದು ಒಂದು ಬಗೆ. ಹೆಸರಿನ ಅನ್ವಯ ಬದಲಾಗುವುದು ಇನ್ನೊಂದು ಬಗೆ. ಇವೆರಡನ್ನೂ ಬೆರೆಸಿದರೆ ಹಳೆಯ ಗ್ರಂಥಗಳ ಸಾಕ್ಷ್ಯವೇ ಮಸುಕಾಗುತ್ತದೆ.

ಲಿನೇಯಸ್ ಅವರು 1758ರ ‘ಸಿಸ್ಟೆಮಾ ನ್ಯಾಚುರೆ’ಯ ಹತ್ತನೆಯ ಆವೃತ್ತಿಯಲ್ಲಿ ಲೆಪಿಡಾಪ್ಟೆರಾ ಗಣವನ್ನು ಪ್ಯಾಪಿಲಿಯೊ, ಸ್ಫಿಂಕ್ಸ್, ಫಲೀನಾ ಎಂಬ ಮೂರೇ ಜಾತಿಗಳಲ್ಲಿ ಅಡಕಗೊಳಿಸಿದರು. ಕುಡಿಮೀಸೆಯ ಆಕಾರ ಮತ್ತು ಕುಳಿತಾಗ ರೆಕ್ಕೆಗಳ ನಿಲುವು ಅವರಿಗೆ ಮುಖ್ಯ ಲಕ್ಷಣಗಳಾಗಿದ್ದವು. ತುದಿ ದಪ್ಪನಾದ ಕುಡಿಮೀಸೆಯುಳ್ಳವು ಪ್ಯಾಪಿಲಿಯೊ, ಅಂದರೆ ಚಿಟ್ಟೆಗಳು. ಕೀಟವನ್ನು ಗುರುತಿಸಲು ಇದು ಸಮರ್ಥ ಸಾಧನ. ವಂಶಸಂಬಂಧವನ್ನು ನಿರೂಪಿಸುವುದು ಅದರ ಉದ್ದೇಶವಾಗಿರಲಿಲ್ಲ. ಆ ಪ್ರಶ್ನೆ ಮುನ್ನೆಲೆಗೆ ಬಂದದ್ದು ವಿಕಾಸವಾದದ ತರುವಾಯ.

ಈ ಲಕ್ಷಣದ ಮಿತಿಯನ್ನು ಅಮೆರಿಕದ ಉಷ್ಣವಲಯದ ಹೆಡೈಲಿಡೆ ಕುಟುಂಬ ತೋರಿಸಿಕೊಟ್ಟಿತು. ಇವುಗಳಲ್ಲಿ ಹೆಚ್ಚಿನವು ನಿಶಾಚರಿಗಳು; ಕುಡಿಮೀಸೆಯ ತುದಿ ದಪ್ಪವಾಗಿಲ್ಲ. ಆದಕಾರಣ ಇವನ್ನು ಬಹುಕಾಲ ಜಿಯೊಮೆಟ್ರಿಡೆ ಪತಂಗಗಳೊಡನೆ ಸೇರಿಸಲಾಗಿತ್ತು. 1986ರಲ್ಲಿ ಮಾಲ್ಕಮ್ ಸ್ಕೋಬಲ್ ಅವರು ಇವು ಚಿಟ್ಟೆಗಳೇ ಎಂಬ ವಾದವನ್ನು ಮಂಡಿಸಿದರು. ಅನಂತರದ ಡಿಎನ್‌ಎ ಆಧಾರಿತ ಅಧ್ಯಯನಗಳೂ ಇವನ್ನು ಚಿಟ್ಟೆಗಳ ಬಳಗದಲ್ಲಿಯೇ ಇರಿಸಿವೆ. ಲೆಪಿಡಾಪ್ಟೆರಾ ವಂಶವೃಕ್ಷದ ಒಳಗಿನ ಒಂದು ಕೊಂಬೆಯೇ ಚಿಟ್ಟೆ. ಅದನ್ನು ಬಿಟ್ಟು ಉಳಿದ ಕೊಂಬೆಗಳಿಗೆಲ್ಲ ಇಟ್ಟ ಬಳಕೆಯ ಹೆಸರು ಪತಂಗ. ಇಲ್ಲಿ ಬದಲಾದುದು ಸಂಬಂಧದ ತಿಳಿವಳಿಕೆ.

‘ಪ್ಲೆಕ್ಸಿಪ್ಪಸ್’ ಎಂಬ ಹೆಸರಿನ ಕಥೆ ಬೇರೆಯದು. 1905ರಲ್ಲಿ ಬಿಂಗ್‌ಹ್ಯಾಮ್ ಅವರು ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಮಾಲೆಯ ಚಿಟ್ಟೆ ಸಂಪುಟದಲ್ಲಿ ‘ಡಾನಾಯಿಸ್ ಪ್ಲೆಕ್ಸಿಪ್ಪಸ್’ ಎಂದು ವರ್ಣಿಸಿದ್ದು ಇಂದು ‘ಡಾನಸ್ ಜೆನೂಟಿಯಾ’ ಎನಿಸಿಕೊಂಡಿರುವ, ಕರ್ನಾಟಕದಲ್ಲಿಯೂ ಕಾಣಸಿಗುವ ಪಟ್ಟೆ ಚಿಟ್ಟೆಯನ್ನು. ಲಿನೇಯಸ್ ಅವರ ಆ ಹೆಸರು ಅಮೆರಿಕದ ಮೊನಾರ್ಕ್ ಚಿಟ್ಟೆಗೆ ಸಲ್ಲುತ್ತದೆಂದು ಅಂತರರಾಷ್ಟ್ರೀಯ ಪ್ರಾಣಿ ನಾಮಕರಣ ಆಯೋಗವು 1954ರಲ್ಲಿ ನಿರ್ಣಯಿಸಿತು. ಇದರಿಂದ ಬಿಂಗ್‌ಹ್ಯಾಮ್ ಅವರ ವರ್ಣನೆ ಸುಳ್ಳಾಗಲಿಲ್ಲ. ಆದರೆ ಇಂದಿನ ಅರ್ಥದಲ್ಲಿ ಆ ಪುಟವನ್ನು ಓದಿದವರು ಭಾರತದಲ್ಲಿ ಮೊನಾರ್ಕ್ ಇತ್ತೆಂಬ, ಇಲ್ಲದ ದಾಖಲೆಯೊಂದನ್ನು ಸೃಷ್ಟಿಸಿಯಾರು.

ಹೀಗಾಗಿ ಹಳೆಯ ಪಟ್ಟಿಗಳಲ್ಲಿನ ಹೆಸರುಗಳನ್ನು ಅಳಿಸಿ ಹೊಸವನ್ನು ಬರೆಯುವ ಕ್ರಮ ವಿಮರ್ಶಾರ್ಹ. ಮೂಲದ ಹೆಸರು, ಬಳಸಿದ ಲೇಖಕ, ಪ್ರಕಟಣೆಯ ವರ್ಷ ಇವು ಮೂರನ್ನೂ ಉಳಿಸಿಕೊಂಡು ಇಂದಿನ ಹೆಸರನ್ನು ಪಕ್ಕದಲ್ಲಿ ಕೊಡುವುದೇ ಸಂಶೋಧಕನಿಗೂ ಗ್ರಂಥಾಲಯಕ್ಕೂ ಯೋಗ್ಯವಾದ ವಿಧಾನ.