ಪ್ರಶ್ನೆಗೆ ಸಮಯವಿಲ್ಲದ ಸಮ್ಮೇಳನ

ಭಾರತದ ಸಾರ್ವಜನಿಕ ಸಂಪರ್ಕ ವೃತ್ತಿಗೆ ತನ್ನದೇ ಆದ ಒಂದು ದಿನ ಸಿಕ್ಕಿದ್ದು ಸಮ್ಮೇಳನದಿಂದಲೇ. 1968ರ ಏಪ್ರಿಲ್ 21ರಂದು ದೆಹಲಿಯಲ್ಲಿ ಸೇರಿದ ಮೊದಲ ಅಖಿಲ ಭಾರತ ಸಮ್ಮೇಳನ ಅಥೆನ್ಸ್ ನೀತಿಸಂಹಿತೆಯನ್ನು ಒಪ್ಪಿಕೊಂಡಿತು. ಆ ದಿನವನ್ನೇ ಇವತ್ತಿಗೂ ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನವೆಂದು ಆಚರಿಸುತ್ತೇವೆ. 1965ರಲ್ಲಿ ರೂಪುಗೊಂಡ ಆ ಸಂಹಿತೆ, ಬೇರೆ ಯಾವ ಅಗತ್ಯಕ್ಕಾಗಿಯೂ ಸತ್ಯವನ್ನು ಹಿಂದೆ ಸರಿಸಬಾರದು ಎನ್ನುತ್ತದೆ. ಈ ವೃತ್ತಿಗೆ ಬರುವ ವಿದ್ಯಾರ್ಥಿ ಮೊದಲು ಕಲಿಯಬೇಕಾದ ಪಾಠ ಇದು. ನಮ್ಮ ಇಂದಿನ ಸಮ್ಮೇಳನಗಳಲ್ಲಿ ಈ ಪಾಠಕ್ಕೆ ಜಾಗ ಸಿಗುತ್ತಿಲ್ಲ.

ಬೆಂಗಳೂರಿನ ದೊಡ್ಡ ಹೋಟೆಲಿನ ಸಭಾಂಗಣಕ್ಕೆ ಪತ್ರಿಕೋದ್ಯಮ ವಿಭಾಗದ ಹುಡುಗ ಹುಡುಗಿಯರು ಬರುತ್ತಾರೆ. ಅರ್ಧ ಮಂದಿಯನ್ನು ನೋಂದಣಿ ಮೇಜಿಗೆ, ಅತಿಥಿಗಳನ್ನು ಸ್ವಾಗತಿಸುವುದಕ್ಕೆ ನಿಲ್ಲಿಸುತ್ತಾರೆ. ಉಳಿದವರು ಹಿಂದಿನ ಸಾಲುಗಳಲ್ಲಿ ಕೂರುತ್ತಾರೆ. ದೀಪ ಬೆಳಗುವುದು, ಸನ್ಮಾನ, ಸ್ಮರಣಿಕೆ ಎಲ್ಲ ಮುಗಿದು ಗೋಷ್ಠಿ ಶುರುವಾಗುವಾಗಲೇ ತಡವಾಗಿರುತ್ತದೆ. ತಡವಾದಾಗ ಮೊದಲು ಕತ್ತರಿ ಬೀಳುವುದು ಪ್ರಶ್ನೋತ್ತರಕ್ಕೆ. ವಿದ್ಯಾರ್ಥಿ ಬಾಯಿ ತೆರೆಯಬಹುದಾಗಿದ್ದ ಒಂದೇ ಅವಕಾಶವೂ ಹೀಗೆ ಹೋಗುತ್ತದೆ.

ಸ್ವಯಂಸೇವೆ ತಪ್ಪೆಂದು ನಾನು ಹೇಳುತ್ತಿಲ್ಲ. ಕಾರ್ಯಕ್ರಮ ನಡೆಸುವುದು ಈ ವೃತ್ತಿಯ ಒಂದು ಭಾಗ. ಅಂಗಳದಲ್ಲಿ ಊಟದ ತಟ್ಟೆ ಹಿಡಿದು ನಿಂತ ಹಿರಿಯ ಸಂಪರ್ಕಾಧಿಕಾರಿಯೊಬ್ಬರು ಸಮಾಧಾನದಿಂದ ಹೇಳುವ ನಾಲ್ಕು ಮಾತು ವೇದಿಕೆಯ ಭಾಷಣಕ್ಕಿಂತ ಹೆಚ್ಚು ಕಲಿಸುವುದನ್ನು ಕಂಡಿದ್ದೇನೆ. ಒಳ್ಳೆಯ ಇಂಟರ್ನ್‌ಶಿಪ್‌ಗಳು ಹುಟ್ಟುವುದೂ ಅಲ್ಲೇ.

ನನ್ನ ತಕರಾರು ವೇದಿಕೆಯ ಮೇಲಿನ ಮಾತಿನ ಬಗ್ಗೆ. ಅಲ್ಲಿ ಗೆದ್ದ ಕಥೆಗಳು ಮಾತ್ರ ಕೇಳಿಬರುತ್ತವೆ. 2015ರ ಮ್ಯಾಗಿ ಪ್ರಕರಣವನ್ನೇ ನೋಡಿ. ಜೂನ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ನೂಡಲ್ಸನ್ನು ಮಾರುಕಟ್ಟೆಯಿಂದ ಹಿಂಪಡೆಯಲು ಆದೇಶಿಸಿತು, ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು, ನವೆಂಬರ್‌ನಲ್ಲಿ ಪೊಟ್ಟಣಗಳು ಅಂಗಡಿಗೆ ಮರಳಿದವು. ನಮ್ಮ ನಂಜನಗೂಡಿನ ಕಾರ್ಖಾನೆಯಲ್ಲೂ ತಯಾರಿಕೆ ನಿಂತು ಮತ್ತೆ ಶುರುವಾಯಿತು. ಇದನ್ನು ಬ್ರ್ಯಾಂಡ್ ಮರಳಿ ಬಂದ ಕಥೆಯಾಗಿ ಹೇಳುವುದು ಸುಲಭ. ಸುದ್ದಿ ಹಬ್ಬಿದ ಮೊದಲ ದಿನಗಳಲ್ಲಿ ತಾಯಂದಿರಿಗೆ ಯಾರು, ಯಾವ ಭಾಷೆಯಲ್ಲಿ, ಎಷ್ಟು ಬೇಗ ಉತ್ತರಿಸಿದರು? ಪ್ರಯೋಗಾಲಯಗಳ ವರದಿಗಳು ಒಂದಕ್ಕೊಂದು ಹೊಂದದಿದ್ದಾಗ ಸಂಪರ್ಕಾಧಿಕಾರಿ ಏನು ಹೇಳಬಹುದು, ಏನು ಹೇಳಬಾರದು? ವಿದ್ಯಾರ್ಥಿಗೆ ಬೇಕಾದದ್ದು ಈ ಭಾಗ.

ಪ್ರಶಸ್ತಿಗಳಲ್ಲೂ ಇದೇ ಕೊರತೆ. ಪತ್ರಿಕೆಯಲ್ಲಿ ಬಂದ ಸುದ್ದಿಯ ಅಳತೆಯನ್ನು ಜಾಹೀರಾತು ದರದಿಂದ ಗುಣಿಸಿ, ಇಷ್ಟು ಲಕ್ಷದ ಪ್ರಚಾರ ಸಿಕ್ಕಿತು ಎಂದು ತೋರಿಸುವ ಪದ್ಧತಿ ಇನ್ನೂ ಉಳಿದಿದೆ. ಆ ಲೆಕ್ಕ ಸಂಪರ್ಕದ ಮೌಲ್ಯವಾಗಲಾರದು ಎಂದು 2010ರ ಬಾರ್ಸಿಲೋನಾ ಸೂತ್ರಗಳು ಸ್ಪಷ್ಟವಾಗಿ ಹೇಳಿವೆ. ತರಗತಿಯಲ್ಲಿ ಇದನ್ನು ಓದಿ ಬಂದ ಹುಡುಗಿ, ವೇದಿಕೆಯಲ್ಲಿ ಅದೇ ಲೆಕ್ಕಕ್ಕೆ ಚಪ್ಪಾಳೆ ಬೀಳುವುದನ್ನು ಕಂಡರೆ ಯಾವುದನ್ನು ನಂಬಬೇಕು?

ಅಮೆರಿಕದಲ್ಲಿ 1967ರಿಂದ ವಿದ್ಯಾರ್ಥಿಗಳಿಗೇ ಪ್ರತ್ಯೇಕ ಸಂಘಟನೆಯಿದೆ, ಅದರದೇ ಸಮ್ಮೇಳನವೂ ಇದೆ. ಅದನ್ನು ಹಾಗೆಯೇ ಇಲ್ಲಿಗೆ ತರಬೇಕಿಲ್ಲ. ಸಮ್ಮೇಳನದಲ್ಲಿ ಒಂದು ಗೋಷ್ಠಿಯನ್ನಾದರೂ ಸೋತ ಪ್ರಕರಣಕ್ಕೆ ಮೀಸಲಿಟ್ಟು, ಅದನ್ನು ವರದಿ ಮಾಡಿದ ಪತ್ರಕರ್ತರನ್ನೂ ಕರೆದು, ಮೊದಲ ಪ್ರಶ್ನೆ ವಿದ್ಯಾರ್ಥಿಯದ್ದೇ ಎಂದು ನಿಯಮ ಮಾಡಿದರೆ ಸಾಕು. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಸಿಗಬೇಕು. ಜಿಲ್ಲಾ ಕೇಂದ್ರಗಳ ಕಾಲೇಜುಗಳಿಂದ ಬಂದ ಎಷ್ಟೋ ಮಕ್ಕಳು ಇಂಗ್ಲಿಷಿನ ಅಳುಕಿನಿಂದಲೇ ಸುಮ್ಮನೆ ಕೂರುತ್ತಾರೆ. ನಾಳೆ ಕನ್ನಡ ಪತ್ರಿಕೆಗಳಿಗೆ ಪ್ರಕಟಣೆ ಬರೆಯಬೇಕಾದವರು ಅವರೇ.

ಸಂಘಟಕರೇ, ಮುಂದಿನ ಕಾರ್ಯಕ್ರಮ ಪಟ್ಟಿ ಸಿದ್ಧಪಡಿಸುವಾಗ ಪ್ರಶ್ನೋತ್ತರದ ಸಮಯವನ್ನು ಮೊದಲು ಬರೆದುಕೊಳ್ಳಿ, ಸನ್ಮಾನವನ್ನು ಆಮೇಲೆ ಸೇರಿಸಿ.